ಮುಖವಾಡದಲ್ಲಿ ಸತ್ತವನ ಮಣ್ಣು

ಕ್ರಿಸ್‌ಮಸ್ ಕಳೆದು ಬರುವ ಮೂರು ರಾಜರ ಹಬ್ಬದ ಹಿಂದಿನ ಸಂಜೆ ನಮ್ಮ ಆಲ್ಪ್ಸ್ ಕಣಿವೆಯಲ್ಲಿ ಎರಡು ಕೆಲಸ ನಡೆಯುತ್ತವೆ. ಪಾದ್ರಿಗಳು ಮನೆಮನೆಗೆ ಧೂಪ ಹಾಕಿ, ಬಾಗಿಲ ಮೇಲೆ ಸೀಮೆಸುಣ್ಣದಿಂದ ಶಿಲುಬೆ ಬರೆಯುತ್ತಾರೆ. ಅವರು ಅತ್ತ ತಿರುಗುತ್ತಲೇ ಗಂಡಸರು ಕೊಂಬಿನ ಮುಖವಾಡ ಕಟ್ಟಿ, ಸೊಂಟಕ್ಕೆ ಹಸುವಿನ ಗಂಟೆ ಬಿಗಿದು, ಚಳಿಗಾಲದ ಮುದುಕಿ ಪೆರ್ಖ್ತಳ ಹೆಸರಲ್ಲಿ ಕುಣಿಯಲು ಹೊರಡುತ್ತಾರೆ. ಹೊಲ ಫಲಿಸಲು ಎರಡೂ ಬೇಕು. ಪಾದ್ರಿಗಳಿಗೂ ಅದು ಗೊತ್ತು. ಅವರ ಹಠ ಒಂದೇ: ಮುಖವಾಡದಲ್ಲಿ ಸತ್ತವನಿಗೆ ಚರ್ಚಿನ ಮಣ್ಣಿಲ್ಲ, ದಾರಿಯಲ್ಲಿ ಹೂಳಬೇಕು. ಹಿರಿಯರದೂ ಒಂದು ಮಾತಿದೆ: ಮುಖವಾಡದವರ ಜಗಳದಲ್ಲಿ ಕೊಂದವನ ಹೆಸರು ಕೇಳಬಾರದು, ಹೊಡೆದದ್ದು ಪೆರ್ಖ್ತಳ ಕೈ.

ನನ್ನ ಬಿಯರ್ ಅಂಗಡಿ ಸೇತುವೆಯ ಪಕ್ಕದಲ್ಲಿದೆ. ಆ ಸಂಜೆ ಮೇಲೂರಿನ ತಂಡ ಈ ತುದಿಯಿಂದ, ಕೆಳೂರಿನದು ಆ ತುದಿಯಿಂದ ಸೇತುವೆ ಹತ್ತಿದವು. ದಾರಿ ಬಿಟ್ಟುಕೊಟ್ಟ ಊರಿಗೆ ಬೆಳೆ ಬಾರದು ಎಂಬ ನಂಬಿಕೆ.

"ಹಿಂದೆ ಸರಿಯೋ ಆಡುಮೋರೆ!" ಎಂದ ಮೇಲೂರಿನ ರೂಪರ್ಟ್. ನನ್ನ ಗೆಳತಿ ವಾಲ್ಬುರ್ಗಳ ಒಬ್ಬನೇ ಮಗ.

"ನಿಮ್ಮೂರಲ್ಲಿ ಬೆಳೆಯೋದೇ ಕಲ್ಲು. ಅದಕ್ಕೂ ಕುಣೀಬೇಕೇನ್ರೋ?" ಕೆಳೂರಿನ ಕಾಸ್ಪರನ ಧ್ವನಿ.

ಎರಡೂ ಕಡೆಯವರು ನಕ್ಕರು. ನಗು ಮುಗಿಯುವ ಮೊದಲೇ ದೊಣ್ಣೆಗಳು ಎದ್ದವು. ಕೊಂಬು ಮುರಿಯಿತು, ದವಡೆ ಮುರಿಯಿತು, ಹಿಮದ ಮೇಲೆ ಹಲ್ಲುಗಳು ಬಿದ್ದವು. ಕಾಸ್ಪರನ ಕಬ್ಬಿಣ ಬಿಗಿದ ದೊಣ್ಣೆ ರೂಪರ್ಟನ ಮುಖವಾಡವನ್ನು ಸೀಳಿತು. ಮುಖವಾಡದ ಮರದ ಚೂರು ಹಣೆಯೊಳಗೇ ಇಳಿಯಿತು.

ಮುಖವಾಡ ಬಿಡಿಸಲು ಮಾಂಸ ಕೊಯ್ಯುವ ಚಾಕು ಹಿಡಿದು ಓಡಿದೆ. ಕುತ್ತಿಗೆಯ ಹಿಂದೆ ಅದನ್ನು ಬಿಗಿದಿದ್ದ ತೊಗಲಿನ ಪಟ್ಟಿ ರಕ್ತ ಹೆಪ್ಪುಗಟ್ಟಿ ಕಲ್ಲಾಗಿತ್ತು. ಅರ್ಧ ಕೊಯ್ಯುವಷ್ಟರಲ್ಲಿ ರೂಪರ್ಟನ ಉಸಿರು ನಿಂತಿತು.

ಧೂಪದ ಬಟ್ಟಲು ಹಿಡಿದೇ ಪಾದ್ರಿಗಳು ಬಂದರು. ಸುದ್ದಿ ಕೇಳಿ ಓಡಿಬಂದ ವಾಲ್ಬುರ್ಗ ಅವರ ಕಾಲು ಹಿಡಿದಳು. "ದಾರೀಲಿ ಹೂಳಬೇಡಿ ಸ್ವಾಮಿ. ನನ್ನ ಕೂಸಿನ ಮೇಲೆ ಗಾಡಿ ಓಡಾಡ್ತವೆ."

"ಮುಖವಾಡ ತೆಗೆದಾಗ ಉಸಿರಿತ್ತು, ಸ್ವಾಮಿ" ಎಂದೆ ನಾನು.

"ಪಟ್ಟಿ ಇನ್ನೂ ಪೂರ್ತಿ ಕೊಯ್ದೇ ಇಲ್ಲವಲ್ಲಮ್ಮ" ಎಂದರು ಅವರು.

ಆಗ ಕಾಸ್ಪರ್ ತನ್ನ ಮುಖವಾಡ ಕಳಚಿ ಎಸೆದ. "ಅವನ ಮುಖದ ಮೇಲೆ ಏನೂ ಇರಲಿಲ್ಲ. ಬರೀ ಮುಖಕ್ಕೇ ಹೊಡೆದೆ. ಸತ್ತ ಮೇಲೆ ಮುಖವಾಡ ನಾನೇ ಕಟ್ಟಿದೆ, ತಪ್ಪಿಸ್ಕೊಳ್ಳೋಕೆ."

"ಏನ್ ಹೇಳ್ತಿದೀಯೋ, ನೇಣಿಗೆ ಹಾಕ್ತಾರೆ ಕಣೋ!" ಅವನ ಕಡೆಯವರು ಕೂಗಿದರು.

ಪಾದ್ರಿಗಳು ಬಗ್ಗಿ, ರೂಪರ್ಟನ ಹಣೆಗೆ ನೆಟ್ಟಿದ್ದ ಮರದ ಚೂರನ್ನು ಕಿತ್ತರು. ತಿರುಗಿಸಿ ನೋಡಿದರು. ಧೂಪದ ಕೆಂಡದೊಳಗೆ ಹಾಕಿದರು.

"ಹಾಗಾದರೆ ಇದು ಕೊಲೆ, ಕಾಸ್ಪರ್."

"ಹೌದು ಸ್ವಾಮಿ. ಕೊಲೆ."

ವಾಲ್ಬುರ್ಗ ಎದ್ದು ಅವನ ಮುಖಕ್ಕೆ ಮುಷ್ಟಿಯಿಂದ ಗುದ್ದಿದಳು. ಮತ್ತೆ ಗುದ್ದಿದಳು. ಮೂಗು ಒಡೆಯಿತು. ಅವನು ಕೈ ಎತ್ತಲಿಲ್ಲ, ರಕ್ತ ಒರೆಸಿಕೊಳ್ಳಲೂ ಇಲ್ಲ. ಸುಸ್ತಾದ ಮೇಲೆ ಅವಳು ಮಗನ ಕಾಲುಗಳನ್ನು ಹಿಡಿದು, "ತಲೆ ಕಡೆ ಹಿಡ್ಕೋ" ಎಂದಳು.

ಇಬ್ಬರೂ ರೂಪರ್ಟನನ್ನು ಎತ್ತಿಕೊಂಡು ಚರ್ಚಿನ ಕಡೆ ನಡೆದರು.