ಶೀತಲ್ ಕೀಳಲು ಬಿಡದ ಸಾಲು

ಈ ಕತೆ ಎಲ್ಲಿಂದ ಶುರು ಮಾಡಲಿ? ಪವಾಯಿಯ ಕೆರೆಯಿಂದ ಮಾಡಿದೆ: ನೀರು, ಕೊಕ್ಕರೆ, ಮಂಜು. ಹೊಡೆದು ಹಾಕಿದೆ. ಶೀತಲ್‌ಳ ಆಫೀಸಿನ ಕಿಟಕಿಯಿಂದ ಕಾಣುವುದು ಕೆರೆಯಲ್ಲ, ಪಾರ್ಕಿಂಗ್.

೧. ಶೀತಲ್ ವಿಜಯಪುರದವರ ಮಗಳು, ಬೆಳೆದದ್ದು ವಡಾಲದಲ್ಲಿ. ಲಿಫ್ಟ್ ನಡೆಸುವ ಸಿ ಪ್ರೋಗ್ರಾಮ್ ತಿದ್ದುವುದು ಕೆಲಸ. ಮೀಟಿಂಗಿನಲ್ಲಿ ತುಟಿ ಬಿಚ್ಚುವವಳಲ್ಲ. (ಅದಕ್ಕೇ ಆರಿಸಿಕೊಂಡೆ. ಸುಮ್ಮನಿರುವ ಪಾತ್ರ ಬರೆಯುವವರಿಗೆ ಸಲೀಸು.)

೨. ಲಿಫ್ಟ್ ಓಡಿದ ದೂರವನ್ನು ಪ್ರೋಗ್ರಾಮ್ ಕೂಡಿಸುತ್ತ ಹೋಗುತ್ತದೆ. ಮೊತ್ತ ತನಗೆ ಮೀಸಲಿಟ್ಟ ಡಬ್ಬಿಯಲ್ಲಿ ಹಿಡಿಸದೆ ಉಕ್ಕಿದರೆ ಲಿಫ್ಟಿಗೆ ತಾನಿರುವ ಮಹಡಿಯೇ ತಪ್ಪುತ್ತದೆ. ಟೀಮ್ ಲೀಡ್ ಮನೀಶ್ ಒಂದು ಕಾವಲು ಸಾಲು ಬರೆದಿದ್ದ: ಕೂಡಿಸಿದ ಮೇಲೆ ಮೊತ್ತ ಮೊದಲಿಗಿಂತ ಚಿಕ್ಕದಾಗಿದ್ದರೆ, ಅಂದರೆ ಉಕ್ಕಿ ಹಿಂದಕ್ಕೆ ಉರುಳಿದ್ದರೆ, ಲಿಫ್ಟ್ ನಿಲ್ಲಿಸು. ಸರಿಯಾಗಿಯೇ ಕಾಣುತ್ತದಲ್ಲವೆ? ಆದರೆ ಉಕ್ಕಿದಾಗ ಏನಾಗಬೇಕೆಂದು ಸಿ ಭಾಷೆಯ ನಿಯಮ ಹೇಳುವುದೇ ಇಲ್ಲ. ಹಾಗಾಗಿ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ವೇಗ ಹೆಚ್ಚಿಸುವಾಗ, ಉಕ್ಕುವುದೇ ಇಲ್ಲವೆಂದುಕೊಂಡು, ಆಗದ್ದಕ್ಕೆ ಕಾವಲೇಕೆಂದು ಆ ಸಾಲನ್ನೇ ಕಿತ್ತೆಸೆದಿತ್ತು. ಟೆಸ್ಟಿಂಗ್‌ಗೆ ಕೊಟ್ಟ ಪ್ರತಿಯಲ್ಲಿ ಸಾಲು ಉಳಿದಿತ್ತು. ಗೋರೆಗಾಂವ್ ಟವರಿನ ಲಿಫ್ಟಿಗೆ ಹೋಗಲಿರುವ, ವೇಗ ಹೆಚ್ಚಿಸಿದ ಪ್ರತಿಯಲ್ಲಿ ಇರಲಿಲ್ಲ. ಅದನ್ನು ಕಂಡವಳು ಶೀತಲ್ ಒಬ್ಬಳೇ.

೩. "ಅರೇ ಶೀತಲ್, ಟೆಸ್ಟ್ ಪಾಸ್ ಆಗಿದೆ ನಾ? ಅಪ್ರೂವ್ ಒತ್ತು ಮಾರಾಯ್ತಿ, ಸೈಟಿನವರು ತಲೆ ತಿಂತಿದ್ದಾರೆ," ಎಂದ ಮನೀಶ್.

ಅವಳು ತಲೆ ತಗ್ಗಿಸಿ ಒತ್ತಿದಳು, ಎಂದು ಬರೆದೆ.

"ಒತ್ತಂಗಿಲ್ಲ," ಎಂದಳು ಶೀತಲ್. ಮನೀಶ್‌ಗಲ್ಲ, ನನಗೆ.

ಸರಿ, ಕಾರಣ ಬೇಕಲ್ಲ? ಅವಳ ಅವ್ವ ಭಾಗವ್ವ ಅದೇ ಟವರಿಗೆ ಮನೆಗೆಲಸಕ್ಕೆ ಹೋಗುವಂತೆ ಬರೆಯತೊಡಗಿದೆ. (ಕಣ್ಣೀರು ಗ್ಯಾರಂಟಿ.)

"ಅವ್ವನ್ನ ಲಿಫ್ಟ್‌ನ್ಯಾಗ ಹಾಕಬ್ಯಾಡ್ರೀ ಅಕ್ಕಾರ. ಆಕಿ ಹತ್ತದಿದ್ರೂ ಅದು ತಪ್ಪೇ ಐತಿ."

"ನೀನು ನಾಚಿಕೆಯ ಹುಡುಗಿ. ಎದುರು ಮಾತಾಡುವುದಿಲ್ಲ," ಎಂದೆ ನಾನು.

"ಹಂಗಂತ ನೀವು ಅನ್ಕೊಂಡೀರಿ. ಅನ್ಕೊಂಡು ನನ್ನ ಮಾತು ಕಿತ್ತು ಒಗದೀರಿ. ಕಂಪೈಲರಿಗೂ ನಿಮಗೂ ಏನ್ ಫರಕ್?"

೪. (ಇಲ್ಲೊಂದು ಪ್ಯಾರಾ ಇತ್ತು. ನನ್ನ ಸಮರ್ಥನೆ. ತೆಗೆದೆ.)

ಅವಳು ಕಾವಲು ಸಾಲನ್ನು ತಿದ್ದಿದಳು: ಕೂಡಿಸುವ ಮೊದಲೇ ನೋಡು, ಡಬ್ಬಿಯಲ್ಲಿ ಜಾಗ ಇನ್ನೆಷ್ಟಿದೆ? ಸಾಲದಿದ್ದರೆ ಕೂಡಿಸಬೇಡ, ನಿಲ್ಲಿಸು. ಆಮೇಲೆ ಮನೀಶನ ಪ್ರತಿಗೆ ರಿಜೆಕ್ಟ್ ಒತ್ತಿ ಎದ್ದು ನಿಂತಳು.

"ಸರ್, ಈ ಬಿಲ್ಡ್ ಹೋಗಂಗಿಲ್ಲ. ನೀವು ಬರದ ಕಾವಲು ಸಾಲು ಇದ್ರಾಗ ಇಲ್ಲೇ ಇಲ್ಲ."

ಧ್ವನಿ ನಡುಗಿತು. ನಡುಗಲಿಲ್ಲ ಎಂದು ತಿದ್ದಲು ಹೋದೆ.

"ನಡಗೇತಿ. ಇರ್ಲಿ ಬಿಡ್ರಿ," ಎಂದಳು.

೫. ಅಂತ್ಯ ಒಂದು: ಕೆಲಸ ಹೋಯಿತು. ಅಂತ್ಯ ಎರಡು: ಚಪ್ಪಾಳೆ, ಪ್ರಮೋಷನ್. ಇಬ್ಬರೂ ಸೇರಿ ಎರಡನ್ನೂ ಹೊಡೆದು ಹಾಕಿದೆವು.

ಮನೀಶ್ ಬಾಯಿ ತೆರೆದಿದ್ದಾನೆ. ಅವನೇನು ಹೇಳುವನೆಂದು ನಿಮಗೆ ಗೊತ್ತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡು ಸಿಕ್ಕಿಬಿದ್ದವಳು. ಅವನ ಮಾತು ಬರೆಯುವುದಿಲ್ಲ. ಗೋರೆಗಾಂವ್‌ನಲ್ಲಿ ಲಿಫ್ಟ್ ನೆಲಮಹಡಿಯಲ್ಲೇ ಇದೆ. ಶೀತಲ್ ಇನ್ನೂ ಕೂತಿಲ್ಲ.