ನೀಲಗಂಗಾ ಕಾಣೆಯಾದ ಮೂರು ತಾಸು

ಶಿವಶರಣಪ್ಪ ಹೆಂಡತಿಯ ಹಣೆಗೆ ಎರಡನೇ ಸಲ ವಿಭೂತಿ ಹಚ್ಚುತ್ತಿದ್ದರು. ಮೊದಲನೆಯದು ಸೊಟ್ಟಗಾಗಿತ್ತು. ಮೊನ್ನೆ ಎದೆನೋವೆಂದು ಸೋಫಾದ ಮೇಲೆ ಕೂತ ನೀಲಗಂಗಾ ಮತ್ತೆ ಏಳಲಿಲ್ಲ. ಲಿಂಗಾಯತರ ರೂಢಿಯಂತೆ ಕೂಡಿಸಿ ಮಣ್ಣು ಮಾಡುವುದು ಅಮೆರಿಕದ ಈ ಕ್ಯಾರಿ ಊರಿನ ಸ್ಮಶಾನದಲ್ಲಿ ನಡೆಯುವುದಿಲ್ಲ ಎಂದು ಅಲ್ಲಿಯವರು ಹೇಳಿದ್ದಕ್ಕೆ ಇಳಕಲ್ ಸೀರೆ ಉಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಅದಕ್ಕೂ ಆಕೆ ತಕರಾರು ತೆಗೆಯುವ ಪೈಕಿ ಅಲ್ಲ.

"ಅಪ್ಪಾ, ಮಣ್ಣಿಗೆ ಮೊದಲು ನೀವು ಎರಡು ಮಾತು ಹೇಳಬೇಕು, ಅವ್ವನ ಬಗ್ಗೆ," ಎಂದಳು ಮಗಳು ಶ್ರೀದೇವಿ.

"ಏನಂತ ಹೇಳಲಿ? ರೊಟ್ಟಿ ಛಲೋ ಬಡೀತಿದ್ಲು ಅಂತೇನು?"

ಕುಹಕದ ಮಾತಲ್ಲ ಅದು. ನಿಜಕ್ಕೂ ಅವರಿಗೆ ಏನೂ ಹೊಳೆಯುತ್ತಿರಲಿಲ್ಲ. ಇಪ್ಪತ್ತು ವರ್ಷ ಈ ಊರಲ್ಲಿದ್ದರೂ ಆಕೆ ಕಾರು ಕಲಿಯಲಿಲ್ಲ. ಅವರು ಕರೆದಲ್ಲಿಗೆ ಎರಡು ಹೆಜ್ಜೆ ಹಿಂದೆ ಬಂದಳು. ಫ್ರಾನ್ಸಿನ ಆ ಒಂದು ದಿನ ಮಾತ್ರ ಬರಲಿಲ್ಲ, ಆ ದಿನವೇ ಅವರು ಬೈಯಬಾರದಷ್ಟು ಬೈದರು. ಆ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೋದಳೇನೋ ಎಂಬುದು ಎರಡು ದಿನದಿಂದ ಅವರನ್ನು ಕೊರೆಯುತ್ತಿತ್ತು.

*

ಎರಡು ವರ್ಷದ ಹಿಂದೆ, ಜೂನ್ ತಿಂಗಳು. ಶ್ರೀದೇವಿಗೆ ಪ್ಯಾರಿಸ್ಸಿನಲ್ಲಿ ಆಫೀಸಿನ ಕೆಲಸವಿತ್ತು, ಅಪ್ಪ ಅವ್ವನನ್ನೂ ಕರೆದೊಯ್ದಿದ್ದಳು. ಒಂದು ಶನಿವಾರ ಗಂಡ ಹೆಂಡತಿ ರೈಲು ಹತ್ತಿ ಹಳೆಯ ಸಂತೆ ಊರೊಂದಕ್ಕೆ ಹೋದರು. ಕಲ್ಲು ಹಾಸಿದ ಓಣಿಗಳು. ಆ ಕಡೆಯ ಮಾಳಿಗೆಯಿಂದ ಈ ಕಡೆಯ ಮಾಳಿಗೆಗೆ ಉಪ್ಪಿನ ಡಬ್ಬಿ ದಾಟಿಸಬಹುದಾದಷ್ಟು ಬಾಗಿದ ಕಟ್ಟಿಗೆಯ ಮನೆಗಳು. ಶಿವಶರಣಪ್ಪ ನಕ್ಷೆ ಹಿಡಿದು ಮುಂದೆ ನಡೆಯುತ್ತ ಯಾವ ಗೋಡೆಗೆ ಎಷ್ಟು ವಯಸ್ಸೆಂದು ಹೇಳುತ್ತಿದ್ದರು. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಹೆಂಡತಿ ಇಲ್ಲ.

ಆಕೆಯ ಫೋನು ಹೋಟೆಲಿನಲ್ಲೇ ಚಾರ್ಜಿಗೆ ಬಿದ್ದಿತ್ತು. ಯಾವ ಓಣಿ ಹೊಕ್ಕರೂ ಅದು ತಿರುಗಿ ಚರ್ಚಿನ ಮುಂದೆಯೇ ತಂದು ಬಿಡುತ್ತಿತ್ತು. ಮೂರು ತಾಸಿನ ಮೇಲೆ ಅದೇ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದಳು, ಚೆರ್ರಿ ತಿಂದ ತುಟಿ ಕೆಂಪಾಗಿತ್ತು.

"ನಿನಗ ಬುದ್ಧಿ ಎಲ್ಲ್ಯದ? ದನಾ ತಪ್ಪಿಸಿಕೊಂಡ್ಹಂಗ ತಪ್ಪಿಸಿಕೋತಿಯಲ್ಲ," ಎಂದು ನೂರು ಜನರ ಮುಂದೆ ಗದರಿದರು. ನೀಲಗಂಗಾ ಎದ್ದು ಸೀರೆ ಕೊಡವಿಕೊಂಡು ಅವರ ಹಿಂದೆ ನಡೆದಳು. ಆಮೇಲೆ ಅವರ ಮುಂದೆ ಆ ಊರಿನ ಸುದ್ದಿ ಎತ್ತಲಿಲ್ಲ.

*

"ಆ ಊರಿನ ಕತೆ ಆಂಟಿ ಎಷ್ಟು ಸಲ ಹೇಳಿದಾರೆ ಗೊತ್ತಾ ಅಂಕಲ್? ವಾಕ್ ಹೋದಾಗೆಲ್ಲ ಅದೇ," ಎಂದಳು ಉಷಾ. ಪಕ್ಕದ ಮನೆಯಾಕೆ, ಮೈಸೂರಿನವಳು. ಪೆಟ್ಟಿಗೆಯ ಮೇಲೆ ಹೂವಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಿಮಗ ಹೇಳ್ಯಾಳ? ಎಲ್ಲಿ ಹೋಗಿದ್ಲಂತ?"

"ಒಂದು ಮೂಲೇಲಿ ಎಚ್ ಎ ಎಲ್ ಎಲ್ ಇ ಅಂತ ಬೋರ್ಡ್ ಇತ್ತಂತೆ. ಆಂಟಿ ಅದನ್ನ ಹಳ್ಳಿ ಅಂತ ಓದ್ಕೊಂಡ್ರು. ಪೇಟೆ ಮಧ್ಯ ಇದ್ಯಾವ ಹಳ್ಳಿ ಅಂತ ಟರ್ನ್ ಮಾಡಿದ್ರೆ ಒಳಗೆ ದೊಡ್ಡ ಮಾರ್ಕೆಟ್. ಫ್ರೆಂಚಲ್ಲಿ ಅದರ ಮೀನಿಂಗೇ ಮಾರ್ಕೆಟ್ ಅಂತ, ನಾನು ಆಮೇಲೆ ಚೆಕ್ ಮಾಡ್ದೆ."

ಶಿವಶರಣಪ್ಪನವರಿಗೆ ನಗು ತಡೆಯಲಾಗಲಿಲ್ಲ. "ಮನೆಗೆ ಮನಿ, ಸಂತೆಗೆ ಸಂತಿ ಅನ್ನಾಕಿ. ಅಕಿ ಬಾಯಾಗ ಹಳ್ಳೆ ಹಳ್ಳಿನ ಆಗಬೇಕಲ್ಲ. ಮುಂದ?"

ಉಷಾಳನ್ನು ಕೂರಿಸಿಕೊಂಡೇ ಬಿಟ್ಟರು. ಆ ಎರಡು ಮಾತು ಬರೆಯಲೆಂದು ಮಗಳು ಕೊಟ್ಟಿದ್ದ ಕಾಗದದ ಹಿಂದೆ ಪೆನ್ನಿನಿಂದ ಆ ಊರಿನ ಓಣಿಗಳ ನಕ್ಷೆ ಬರೆಯತೊಡಗಿದರು. ನೀಲಗಂಗಾ ಕೈಸನ್ನೆಯಲ್ಲೇ ಚೌಕಾಶಿ ಮಾಡಿ ಚೆರ್ರಿ ಕೊಂಡಳಂತೆ. ಗಿಣ್ಣಿನಂಥದ್ದೇನೋ ಮಾರುವ ಮುದುಕಿ ಬಾಯಿಗೊಂದು ತುಣುಕು ಇಟ್ಟಳಂತೆ. ಸಂತೆಯ ಹಿಂದಿನ ಕಾಲುವೆಯಲ್ಲಿ ಕಾಲಿಳಿಬಿಟ್ಟು ಕೂತಳಂತೆ. ಒಂದೊಂದು ತಿರುವಿಗೂ ಅವರು ಮುಂದ, ಮುಂದ ಎನ್ನುತ್ತಿದ್ದರು. ಸತ್ತ ಮನೆಯಲ್ಲಿ ಇದೆಂಥ ಹಿಗ್ಗು ಎಂದು ನಾಚಿಕೆಯೂ ಆಗುತ್ತಿತ್ತು.

"ಕಾಲುವಿ ಕಡೆ ನಾನೂ ಹೋಗಿದ್ದೆನಲ್ಲ. ನನಗ್ಯಾಕ ಕಾಣಲಿಲ್ಲ?"

ಉಷಾ ಕಾಗದದ ಮೇಲೆ ಬೆರಳಿಟ್ಟಳು. "ಅವರಿಗೆ ನೀವು ಕಂಡ್ರಿ ಅಂಕಲ್. ಎರಡು ಸಲ. ಹೂವಿನ ಅಂಗಡಿ ಹಿಂದೆ ಬಚ್ಚಿಟ್ಕೊಂಡ್ರಂತೆ."

"ಯಾಕ?"

"ನೀವು ನೀಲಗಂಗಾ, ನೀಲಗಂಗಾ ಅಂತ ಬೀದೀಲಿ ಕೂಗ್ತಾ ಇದ್ರಂತೆ. ಮದುವೆ ಆದಾಗಿಂದ ಹೆಸರು ಹಿಡಿದು ಕರೆದಿದ್ದು ಅವತ್ತೇ ಅಂತೆ. ಇನ್ನೊಂದು ಸಲ ಕೂಗಲಿ, ಆಮೇಲೆ ಹೋದರಾಯ್ತು ಅಂತ ನಿಂತ್ರಂತೆ. ಹಾಗೇ ಮೂರು ಅವರ್ ಆಗೋಯ್ತು."

ಶಿವಶರಣಪ್ಪ ಪೆನ್ನು ಕೆಳಗಿಟ್ಟರು. ಮದುವೆಯಾದ ಹೊಸದರಲ್ಲಿ ತಾಯಿಯ ಎದುರು ಹೆಂಡತಿಯ ಹೆಸರು ಹೇಳುವಂತಿರಲಿಲ್ಲ. ಆಮೇಲೆ ತಾಯಿ ಹೋದರೂ "ಏ ಇಕಿನ", "ಕೇಳಿಲ್ಲೆ" ಎಂಬುದೇ ರೂಢಿಯಾಯಿತು. ಆಕೆಗೆ ಸಿಟ್ಟಿರಲಿಲ್ಲ. ಆಸೆಯಿತ್ತು, ಅದೂ ಇಷ್ಟು ಸಣ್ಣದು. ಆ ದಿನದ ನಂತರವೂ ಅವರು ಒಮ್ಮೆಯೂ ಹೆಸರು ಹಿಡಿದು ಕರೆದಿರಲಿಲ್ಲ.

*

ಸ್ಮಶಾನದಲ್ಲಿ ನಲವತ್ತು ಜನ ಸುತ್ತ ನಿಂತಿದ್ದರು. ಪೆಟ್ಟಿಗೆ ಗುಂಡಿಯ ಮೇಲಿತ್ತು.

"ಹೇಳ್ರಿ ಅಪ್ಪಾ," ಎಂದಳು ಶ್ರೀದೇವಿ.

ಶಿವಶರಣಪ್ಪ ಒಂದು ಹೆಜ್ಜೆ ಮುಂದೆ ಬಂದರು. ಎರಡೂ ಅಂಗೈ ಬಾಯಿಯ ಬದಿಗಿಟ್ಟು, ಆ ಕಲ್ಲಿನ ಓಣಿಗಳಲ್ಲಿ ಕೂಗಿದಷ್ಟೇ ದೊಡ್ಡದಾಗಿ, "ನೀಲಗಂಗಾ," ಎಂದು ಕೂಗಿದರು. ಮತ್ತೊಮ್ಮೆ ಕೂಗಿದರು. ತೋಳು ಹಿಡಿಯಲು ಬಂದ ಶ್ರೀದೇವಿಯನ್ನು ಉಷಾ ತಡೆದಳು.

ಆಚೆ ರಸ್ತೆಯಲ್ಲಿ ನಾಯಿ ಹಿಡಿದು ಹೊರಟಿದ್ದ ಹೆಂಗಸು ನಿಂತಳು. ಕಿವಿಯ ಇಯರ್‌ಫೋನ್ ತೆಗೆದು, ಯಾರು ಕಳೆದುಹೋಗಿದ್ದಾರೋ ಎಂದು ಸಾಲಾಗಿ ನಿಂತ ಕಾರುಗಳ ಸಂದಿಯಲ್ಲಿ ತಾನೂ ಹುಡುಕತೊಡಗಿದಳು.