ಅಕ್ಕನ ಕೈಯ ಬಿಳಿ ಗೆರೆಗಳು

ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾರೆ ನಮ್ಮ ಸ್ಕ್ಯಾನಿಂಗ್ ವಿಭಾಗದವರು. ಇರಬಹುದು. ಆದರೆ ಚಿತ್ರ ಓದುವುದರಲ್ಲಿ ನಾನು ಎಡವುವುದು ಅಪರೂಪ ಎಂದೂ ಅವರೇ ಹೇಳುತ್ತಾರೆ, ಅದಕ್ಕೇ ಕೋಪವನ್ನು ಸಹಿಸಿಕೊಂಡಿದ್ದಾರೆ. ಆ ದಿನ ಎಂಆರ್‌ಐ ಯಂತ್ರದೊಳಗೆ ಮಲಗಿದ್ದವಳು ನನ್ನ ಸ್ವಂತ ಅಕ್ಕ.

ಅಕ್ಕ ಸಿಟಿ ಬಸ್ ಡ್ರೈವರ್. ಎರಡು ವರ್ಷದ ಹಿಂದೆ ಎದೆಯ ಕ್ಯಾನ್ಸರ್ ಗೆದ್ದಳು. ಆಗ ಗಡ್ಡೆಯ ಜೊತೆ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಅಲ್ಲಿಂದೀಚೆಗೆ ಗೇರ್ ಹಾಕುವ ಕೈ ಊದುತ್ತಾ ಹೋಗಿ, ಈಗ ಅಂಗಿಯ ತೋಳಿಗೇ ತೂರುವುದಿಲ್ಲ. ಮೈಯಲ್ಲಿ ರಕ್ತನಾಳಗಳ ಹಾಗೆ ದುಗ್ಧರಸದ ನಾಳಗಳೂ ಇವೆ, ದಾರದಷ್ಟು ಸಣ್ಣವು. ಮಾಂಸದ ಸಂದಿಯಲ್ಲಿ ಉಳಿದ ನೀರನ್ನು ಬಳಿದು ಮೇಲಕ್ಕೆ ಸಾಗಿಸುವುದು ಅವುಗಳ ಕೆಲಸ. ಗ್ರಂಥಿಗಳನ್ನು ತೆಗೆದು ಕಂಕುಳಲ್ಲಿ ದಾರಿ ಕಟ್ಟಿಹೋಗಿದ್ದರಿಂದ ನೀರು ಕೈಯಲ್ಲೇ ನಿಂತಿತ್ತು. ಡಿಪೋದವರು ಅಕ್ಕನನ್ನು ವಿಚಾರಣೆ ಕಿಟಕಿಯಲ್ಲಿ ಕೂರಿಸಿದ್ದರು. ಬೇರೆಯವರು ಓಡಿಸುವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಅಲ್ಲಿ ಕೂತು ಹೇಳುವುದು ಅವಳಿಗೆ ಪ್ರಾಣಸಂಕಟ.

ಒಂದು ದಾರಿ ಇತ್ತು. ನಮ್ಮ ಆಸ್ಪತ್ರೆಯ ಸರ್ಜನ್ ಒಬ್ಬರು ಸೂಕ್ಷ್ಮದರ್ಶಕದ ಮುಂದೆ ಕೂತು ದುಗ್ಧನಾಳವನ್ನು ಪಕ್ಕದ ರಕ್ತನಾಳಕ್ಕೆ ಹೊಲಿಯುತ್ತಾರೆ, ನಿಂತ ನೀರು ರಕ್ತಕ್ಕೆ ಸೇರಿ ಹೋಗಲಿ ಎಂದು. ಬೆನ್ನ ಹಿಂದೆ ನಾವು ಅವರನ್ನು ವಾಚ್ ರಿಪೇರಿ ಅನ್ನುತ್ತೇವೆ.

“ಹೊಲಿಯೋಕೆ ಒಂದಾದ್ರೂ ಕೆಲಸ ಮಾಡೋ ನಾಳ ಬೇಕು,” ಎಂದಿದ್ದರು ಅವರು. “ತೋರಿಸಿ, ಹೊಲೀತೀನಿ. ಇಲ್ಲ ಅಂದ್ರೆ ಸುಮ್ನೆ ಕೈ ಕುಯ್ಯೋದು ಬೇಡ.”

ತೋರಿಸುವುದು ನನ್ನ ಪಾಲಿನ ಕೆಲಸ. ಕೆಲವು ಕಡೆ ಬೆರಳ ಸಂದಿಗೆ ಮದ್ದು ಚುಚ್ಚಿ ನೋಡುತ್ತಾರೆ. ಆ ಕೈಗೆ ಸೂಜಿ ಅಂದರೆ ಅಕ್ಕ ಜಪ್ಪಯ್ಯ ಅಂದರೂ ಒಪ್ಪುವವಳಲ್ಲ, ಒಮ್ಮೆ ಬರೀ ಗೀರಿದ್ದಕ್ಕೇ ಸೋಂಕು ತಗಲಿ ಜ್ವರದಲ್ಲಿ ಬೆಂದಿದ್ದಳು. ನನ್ನ ವಿಧಾನದಲ್ಲಿ ಚುಚ್ಚುವ ಮಾತೇ ಇಲ್ಲ. ರಭಸದಿಂದ ಓಡುವ ರಕ್ತ ಕಪ್ಪಾಗಿಯೂ ಮೆಲ್ಲಗೆ ಹರಿಯುವ ದುಗ್ಧರಸ ಬೆಳ್ಳಗೂ ಕಾಣುವಂತೆ ಯಂತ್ರವನ್ನು ಹೊಂದಿಸುತ್ತೇವೆ. ಆ ಹೊಂದಿಕೆಯನ್ನು ತಿಂಗಳುಗಟ್ಟಲೆ ತಿದ್ದಿ ತೀಡಿದವಳು ನಾನು. “ಬಾ, ಮಲಗು, ಎದ್ದು ಹೋಗು. ಉಳಿದಿದ್ದು ನಂಗೆ ಬಿಡು,” ಎಂದು ಅಕ್ಕನಿಗೆ ಎದೆ ತಟ್ಟಿ ಹೇಳಿದ್ದೆ.

ಚಿತ್ರ ಬಂತು. ಚರ್ಮದಡಿ ಅಲ್ಲಲ್ಲಿ ನಿಂತ ನೀರಿನ ಒಂದಿಷ್ಟು ಬಿಳಿ ಮಸುಕು ಬಿಟ್ಟರೆ ಎಲ್ಲ ಕಪ್ಪು. ಒಂದೇ ಒಂದು ಗೆರೆ ಇಲ್ಲ.

ನನ್ನ ಬೆನ್ನ ಹಿಂದೆ ನಿಂತಿದ್ದ ಸರ್ಜನ್ ಮೆಲ್ಲಗೆ, “ಪಾಪ, ನಾಳಗಳೆಲ್ಲ ಮುಚ್ಚಿಹೋಗಿವೆ ಅನ್ಸತ್ತೆ. ಅವರಿಗೆ ಹೇಳಿಬಿಡೋದು ವಾಸಿ,” ಅಂದರು.

ಹೆದರಿದೆ, ಅದರ ಬೆನ್ನಿಗೇ ರೇಗಿತು. ಅಷ್ಟು ಊದಿದ ಕೈಯಲ್ಲಿ ಇಷ್ಟು ಕಡಿಮೆ ನೀರು ಇರಲು ಸಾಧ್ಯವೇ ಇಲ್ಲ. “ಈಗ್ಲೇ ಏನೂ ಹೇಳ್ಬೇಡಿ ಡಾಕ್ಟ್ರೇ,” ಎಂದು ಎದ್ದು ಒಳಗೆ ಹೋದೆ.

ಅಕ್ಕ ಎದ್ದು ಕೂತಿದ್ದಳು. ಕೈ ಎಂದಿಗಿಂತ ಸಣ್ಣಗಿತ್ತು. ಮಣಿಕಟ್ಟಿನಿಂದ ತೋಳಿನವರೆಗೆ ಚರ್ಮದ ಮೇಲೆ ಬಟ್ಟೆ ಪಟ್ಟಿಯ ಅಚ್ಚು ಮೂಡಿತ್ತು. ಸರಸರ ಹೊರಗೆ ಕರೆತಂದೆ. ಅವಳ ಚೀಲ ಹಿಡಿದು ಕಾಯುತ್ತಿದ್ದ ಭಾವ ನನ್ನ ಮುಖ ನೋಡಿದ್ದೇ ತಡ, ಬಾಯಿ ಬಿಟ್ಟರು.

“ನಾನು ಬೇಡ ಅಂದೆಮ್ಮ. ಕೇಳ್ಬೇಕಲ್ಲ. ನಿನ್ನೆಯಿಂದ ಬಿಗಿಯಾಗಿ ಪಟ್ಟಿ ಕಟ್ಟಿಸ್ಕೊಂಡು, ಕೈ ದಿಂಬಿನ ಮೇಲೆ ಎತ್ತಿಟ್ಕೊಂಡೇ ಇದ್ಲು. ಇಲ್ಲಿ ಬಟ್ಟೆ ಬದಲಿಸೋವಾಗ ಬಿಚ್ಚಿದ್ದು.”

“ಕಟ್ಟಬೇಡ ಅಂತ ಫೋನಲ್ಲಿ ಹೇಳಿರ್ಲಿಲ್ವಾ ಅಕ್ಕ?”

“ಹೇಳಿದ್ದೀಯ. ನೀನು ಹೇಳಿದ್ದೆಲ್ಲ ಕೇಳೋಕೆ ನಾನೇನು ನಿನ್ನ ತಂಗಿನಾ?” ಎಂದಳು ಅಕ್ಕ. ಆಮೇಲೆ ದನಿ ಇಳಿಸಿ, “ತಪಾಸಣೆಗೆ ಯಾರಾದ್ರೂ ಬಸ್ ತೊಳೀದೆ ತರ್ತಾರೇನೆ? ಊದಿರೋ ಕೈ ನೋಡಿ ಡಾಕ್ಟ್ರು ಆಗಲ್ಲ ಅಂದ್ಬಿಟ್ರೆ?” ಅಂದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ನಾನು ನೋಡ್ಬೇಕಾಗಿದ್ದ ನೀರನ್ನೇ ಹಿಂಡಿ ಹಾಕಿ ಬಂದಿದೀಯಲ್ಲೇ ಮಾರಾಯ್ತಿ,” ಎಂದೆ.

ಸರ್ಜನ್ ಇನ್ನೊಂದೇ ಸಲ ನೋಡಲು ಒಪ್ಪಿದರು. ಟೆಕ್ನಿಷಿಯನ್ ಗೊಣಗುತ್ತಾ ಕೊನೆಯ ರೋಗಿಯ ನಂತರ ಜಾಗ ಮಾಡಿಕೊಟ್ಟ. ಅಲ್ಲಿಯವರೆಗೆ ಕೈ ಇಳಿಬಿಟ್ಟುಕೊಂಡು ಓಡಾಡು ಎಂದು ಅಕ್ಕನಿಗೆ ಕಟ್ಟಪ್ಪಣೆ ಮಾಡಿದೆ. ಅವಳು ಆಸ್ಪತ್ರೆಯ ಅಂಗಳ ಸುತ್ತುತ್ತಾ, ಆಂಬುಲೆನ್ಸ್ ನಿಲ್ಲಿಸುವ ರೀತಿ ಸರಿಯಿಲ್ಲವೆಂದು ಇಬ್ಬರು ಡ್ರೈವರುಗಳಿಗೆ ಪಾಠ ಹೇಳಿದಳಂತೆ. ಭಾವ ಗಳಿಗೆಗೊಮ್ಮೆ ಕೈ ಮುಟ್ಟಿ ನೋಡುತ್ತಿದ್ದರು. ಹೆಂಡತಿಯ ಕೈ ಬೇಗ ಊದಲಿ ಎಂದು ಹಾರೈಸಿದ ಗಂಡ ಲೋಕದಲ್ಲಿ ಅವರೊಬ್ಬರೇ ಇರಬೇಕು.

ಸಂಜೆಯ ಹೊತ್ತಿಗೆ ಕೈ ಮೊದಲಿನಷ್ಟೇ ಊದಿತ್ತು. ಮತ್ತೆ ಮಲಗಿಸಿದೆವು.

ಈ ಸಲ ಪರದೆಯ ಮೇಲೆ ಮಣಿಕಟ್ಟಿನ ಬಳಿ ಒಂದು ಬಿಳಿ ಗೆರೆ ಕಂಡಿತು. ಮೊಣಕೈಗಿಂತ ಕೆಳಗೆ ಇನ್ನೊಂದು, ಸ್ವಲ್ಪ ದಪ್ಪನೆಯದು, ಡೊಂಕುಡೊಂಕಾಗಿ ಮೇಲಕ್ಕೆ ಹೊರಟಿತ್ತು. ಸರ್ಜನ್ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ಇಲ್ಲಿ. ಮತ್ತೆ ಇಲ್ಲಿ. ಎರಡು ಕಡೆ ಹೊಲೀಬಹುದು.”

“ನಾನು ಹೇಳ್ಲಿಲ್ವಾ?” ಎಂದೆ. ಬೀಗದೆ ಇರಲು ನನ್ನಿಂದಾಗಲಿಲ್ಲ.

ಅಕ್ಕನನ್ನು ಒಳಗೆ ಕರೆದು ಕೂರಿಸಿದೆವು. ಕೈ ಪೂರ್ತಿ ಮೊದಲಿನ ಹಾಗೆ ಆಗುತ್ತೆ ಅಂತ ಮಾತು ಕೊಡಲಾರೆ, ಆದರೆ ಮತ್ತೆ ಬಸ್ ಓಡಿಸುವಷ್ಟು ಇಳಿಯುತ್ತೆ ಅನ್ನೋ ನಂಬಿಕೆ ಇದೆ ಎಂದರು ಸರ್ಜನ್. ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವಳ ಕಣ್ಣು ಪರದೆಯಲ್ಲೇ ನೆಟ್ಟಿತ್ತು.

“ಈ ಬೆಳ್ಳಗಿರೋದು ನನ್ನ ಕೈದೇನಾ?”

“ನಿಂದೇ ಅಕ್ಕ.”

“ಈಗ್ಲೂ ಹರೀತಿದೆಯಾ?”

“ಹರೀತಿದೆ. ಮುಂದೆ ದಾರಿ ಕಟ್ಟಿದ್ರೂ ನಿಲ್ಲಿಸಿಲ್ಲ.”

ಕ್ಯಾನ್ಸರ್ ಎಂದಾಗಲೂ ಒಂದು ಹನಿ ಹಾಕದವಳ ಕಣ್ಣು ತುಂಬಿ ಬಂತು. “ಸತ್ತ ಕೈ ಅಂತ ಮುಖ ತಿರುಗಿಸ್ಕೊಂಡೇ ಸ್ನಾನ ಮಾಡ್ತಿದ್ದೆ ಕಣೇ, ಇಷ್ಟು ದಿನ. ಪಾಪ, ಇದು ಒಂದೇ ಸಮ ದುಡೀತಾ ಇದೆ.”

ಆ ಭಾರದ ಕೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ಮೆಲ್ಲಗೆ ಸವರಿದಳು. ಆಮೇಲೆ ಮೂಗು ಒರೆಸಿಕೊಂಡು ಸರ್ಜನ್ ಕಡೆ ತಿರುಗಿ, ಆಪರೇಷನ್ ಯಾವತ್ತು ಎಂದು ಕೇಳಿದಳು.